ಬಲಕ್ಕೆ ಬಿದ್ದ ಜೇಬು

ನಮ್ಮ ಬೀದಿಯ ತುದಿಯಲ್ಲಿ, ಬೇಕರಿಗೂ ಬೀಗ ರಿಪೇರಿಯ ಅಂಗಡಿಗೂ ನಡುವೆ, ಎರಡು ಮೆಟ್ಟಿಲು ಇಳಿದು ಹೋಗಬೇಕಾದ ಒಂದು ಹೊಲಿಗೆ ಕೋಣೆ ಇದೆ. ಕೋಣೆ ತಗ್ಗಿನಲ್ಲಿರುವುದರಿಂದ ನಡೆದು ಹೋಗುವವರಿಗೆ ಕಿಟಕಿಯಲ್ಲಿ ಕಾಣುವುದು ಒಂದು ಅಗಲವಾದ ಮೇಜು ಮತ್ತು ಅದರ ಮೇಲೆ ಓಡಾಡುವ ಎರಡು ಕೈ, ಅಷ್ಟೇ. ಎಡಗೈಯಲ್ಲಿ ಕತ್ತರಿ. ಬಲಗೈ ಮಗುವಿನ ಬೆನ್ನು ಸವರಿದಂತೆ ಬಟ್ಟೆಯನ್ನು ಸವರುತ್ತಿರುತ್ತದೆ. ನನ್ನ ಮಗಳು ಪುಟ್ಟಿ ಹೊಟ್ಟೆಯಲ್ಲಿದ್ದಾಗ ಡಾಕ್ಟರು ದಿನಾ ನಡೆಯಬೇಕೆಂದು ಹೇಳಿದ್ದರು. ನಡೆದು ಸುಸ್ತಾದಾಗ ನಾನು ನಿಲ್ಲುತ್ತಿದ್ದದ್ದು ಆ ಕಿಟಕಿಯ ಎದುರಿಗೆ. ಒಂದು ದಿನ ಒಳಗಿನಿಂದ ದನಿ ಬಂತು.

“ಹೊಟ್ಟೆ ಹೊತ್ಕೊಂಡು ಎಷ್ಟು ಹೊತ್ತು ನಿಂತಿರ್ತೀಯೇ ಹುಡುಗಿ? ಒಳಗೆ ಬಂದು ಕೂತ್ಕೊಂಡು ನೋಡು. ನೋಡೋದಕ್ಕೇನು ನಾನು ಟಿಕೆಟ್ ಇಟ್ಟಿಲ್ಲ.”

ಹಾಗೆ ಪರಿಚಯವಾದವರು ಕನ್ನಡಿ ಟೀಚರ್.

ವಯಸ್ಸು ಐವತ್ತೆಂಟು. ಕನ್ನಡಕದ ಎರಡೂ ಕಡ್ಡಿಗೆ ಹೊಲಿಗೆ ದಾರ ಕಟ್ಟಿ ಕೊರಳಿಗೆ ಇಳಿಬಿಟ್ಟಿರುತ್ತಾರೆ. ಮೇಲಿನ ಮನೆಯಲ್ಲಿ ತಂಗಿಯ ಸಂಸಾರದ ಜೊತೆ ವಾಸ, ಕೆಳಗೆ ಕೆಲಸ. ಪಕ್ಕದ ಬೀಗದವನಿಗೆ ಅವರನ್ನು ಕೆಣಕದಿದ್ದರೆ ಬೆಳಗಿನ ಟೀ ಇಳಿಯುವುದಿಲ್ಲ. “ಏನ್ ಟೀಚರಮ್ಮ, ಇವತ್ತು ಎಷ್ಟು ಜನರ ಬೆರಳಿಗೆ ಸೂಜಿ ಚುಚ್ಚಿಸಿದ್ರಿ?” ಎಂದು ಅವನು ಕೇಳಿದರೆ, ಇವರು ತಲೆ ಎತ್ತದೆ, “ಮೊದಲು ನಿನ್ನ ಬಾಯಿಗೊಂದು ಬೀಗ ಮಾಡ್ಕೊ. ಕೀಲಿ ನನ್ನ ಹತ್ರ ಇರ್ಲಿ” ಎನ್ನುತ್ತಾರೆ.

ಕನ್ನಡಿ ಟೀಚರ್ ಎಂಬ ಹೆಸರು ಬಂದದ್ದಕ್ಕೆ ಒಂದು ಕಥೆ ಇದೆ. ಅದನ್ನು ಅವರು ನನಗೆ ತುಂಡು ತುಂಡಾಗಿ ಹೇಳಿದ್ದು, ನಾನು ಮನೆಗೆ ಬಂದು ದಿನಚರಿಯಲ್ಲಿ ಜೋಡಿಸಿಕೊಂಡದ್ದು.

ಹನ್ನೆರಡನೆಯ ವಯಸ್ಸಿನಲ್ಲಿ ಅವರನ್ನು ಒಬ್ಬ ದರ್ಜಿಯ ಹತ್ತಿರ ಕೆಲಸ ಕಲಿಯಲು ಬಿಟ್ಟರಂತೆ. ಹುಡುಗಿ ಕತ್ತರಿಯನ್ನು ಎಡಗೈಯಲ್ಲಿ ಹಿಡಿದದ್ದೇ ತಡ, ದರ್ಜಿ ಒಂದು ಲಾಡಿ ತಂದು ಆ ಮಣಿಕಟ್ಟನ್ನು ಮೇಜಿನ ಕಾಲಿಗೆ ಕಟ್ಟಿಹಾಕಿದ. “ಎಡಗೈಯವಳು ಹೊಲಿದಿದ್ದೆಲ್ಲ ಎಡವಟ್ಟೇ” ಎಂದ. ಎಂಟು ತಿಂಗಳು ಆಕೆ ಬಲಗೈಯಲ್ಲಿ ಕತ್ತರಿಸಿದಳು. ಅಂಚುಗಳು ಇಲಿ ಕಡಿದ ಹಾಗೆ ಇರುತ್ತಿದ್ದವು. ಒಂದು ದಿನ ದರ್ಜಿ ಊಟಕ್ಕೆ ಹೋದಾಗ ಅವನ ಹೆಂಡತಿ ಬಂದು ಲಾಡಿ ಬಿಚ್ಚಿ, “ನಾನು ಗೋಡೆ ಕಡೆ ತಿರುಗಿ ನಿಂತಿರ್ತೀನಿ. ನೀನು ಏನು ಮಾಡಿದ್ಯೋ ನಾನು ನೋಡಿಲ್ಲ” ಎಂದಳು. ಹುಡುಗಿ ಒಂದು ಕಾಲರ್ ಕತ್ತರಿಸಿದಳು. ವಾಪಸು ಬಂದ ದರ್ಜಿ ಅದನ್ನು ಕೈಗೆತ್ತಿಕೊಂಡು, ತಾನೇ ಬೆಳಿಗ್ಗೆ ಕತ್ತರಿಸಿಟ್ಟದ್ದು ಎಂದುಕೊಂಡು, ಎಲ್ಲರಿಗೂ ತೋರಿಸಿದನಂತೆ: “ನೋಡಿ, ಕೈ ಅಂದ್ರೆ ಇದು!”

ಈ ಜಾಗಕ್ಕೆ ಬಂದಾಗ ಟೀಚರ್ ಯಾವಾಗಲೂ ತಮ್ಮ ಎಡಗೈಯನ್ನು ಒಮ್ಮೆ ತಿರುಗಿಸಿ ನೋಡಿಕೊಂಡು ನಗುತ್ತಿದ್ದರು.

ಮುಂದೆ ತಾವೇ ಕೋಣೆ ಮಾಡಿಕೊಂಡಾಗ ಕಲಿಯಲು ಬಂದ ಮೊದಲ ಹುಡುಗಿಗೆ ಏನೂ ತಲೆಗೆ ಹತ್ತಲಿಲ್ಲ. ಪಕ್ಕದಲ್ಲಿ ಕೂತು ಇವರ ಕೈ ನೋಡಿ ಮಾಡಿದರೆ ಎಲ್ಲ ಉಲ್ಟಾ. ಒಂದು ದಿನ ಪಕ್ಕದ ಸ್ಟೂಲಿನ ಮೇಲೆ ಬಟ್ಟೆಯ ರಾಶಿ ಇದ್ದದ್ದರಿಂದ ಆ ಹುಡುಗಿ ಮೇಜಿನ ಆಚೆ, ಎದುರಿಗೆ ಕೂತಳು. ಅಷ್ಟೇ. ಇವರ ಎಡಗೈ ಅವಳ ಬಲಗೈಗೆ ಎದುರಾಯಿತು. ಕನ್ನಡಿ ಮುಂದೆ ತಲೆ ಬಾಚಿಕೊಂಡಷ್ಟು ಸಲೀಸಾಗಿ ಅವಳು ಕಲಿತಳು. ಅಂದಿನಿಂದ ಎಲ್ಲರೂ ಎದುರಿಗೇ. “ನನ್ನ ಎಡಗೈಯೇ ನನಗೆ ಬಿ.ಎಡ್. ಕೊಟ್ಟಿದ್ದು” ಎಂದು ಟೀಚರ್ ಹೇಳುತ್ತಿದ್ದರು.

ಆದರೆ ಕನ್ನಡಿಗೆ ಒಂದು ತೊಡಕಿದೆ. ಆ ಮೊದಲ ಹುಡುಗಿ ಹೊಲಿದ ಗಂಡಸರ ಶರ್ಟಿನಲ್ಲಿ ಎಲ್ಲ ಸರಿಯಿತ್ತು, ಜೇಬು ಮಾತ್ರ ಬಲ ಎದೆಯ ಮೇಲೆ ಹೋಗಿ ಕೂತಿತ್ತು. ಇವರು ಕಿಟಕಿಯ ಕಡೆ ಇಟ್ಟದ್ದನ್ನು ನೋಡಿ ಎದುರಿಗೆ ಕೂತ ಅವಳೂ ಕಿಟಕಿಯ ಕಡೆಗೇ ಇಟ್ಟಿದ್ದಳು. ಅದಕ್ಕೇ ಟೀಚರ್ ಒಂದು ರೂಢಿ ಮಾಡಿಕೊಂಡರು. ಜೇಬಿನ ಪಾಠ ಬಂದಾಗ ಎಲ್ಲರೂ ಕೆಲಸ ಬಿಟ್ಟು ಎದ್ದು ನಿಲ್ಲಬೇಕು. ಬಟ್ಟೆಯನ್ನು ಮೈಗೆ ಹಿಡಿದುಕೊಂಡು ಎದೆಯ ಮೇಲೆ ಕೈ ಇಡಬೇಕು. ಬಡಿತ ಸಿಗುವ ತನಕ ಯಾರೂ ಮಾತಾಡುವ ಹಾಗಿಲ್ಲ. “ಸಿಕ್ತಾ? ಡವಡವ ಅನ್ನೋ ಕಡೆ ಜೇಬು. ಕನ್ನಡಿ ಎಲ್ಲ ಸರಿಯಾಗೇ ಹೇಳಿಕೊಡುತ್ತೆ, ಜೇಬಿನ ಹತ್ರ ಬಂದಾಗ ಮಾತ್ರ ಅದನ್ನ ನಂಬಬಾರದು.”

ಇದನ್ನೂ ನಾನು ದಿನಚರಿಯಲ್ಲಿ ಬರೆದುಕೊಂಡಿದ್ದೆ. ತಾರೀಖು ಸಮೇತ ಇದೆ. ಗೊತ್ತಿರಲಿಲ್ಲ ಎಂದು ಹೇಳುವ ದಾರಿಯೂ ನನಗಿಲ್ಲ.

ಪುಟ್ಟಿಗೆ ಏಳು ತಿಂಗಳಾದಾಗ ನಾನು ಮತ್ತೆ ಕೆಲಸಕ್ಕೆ ಸೇರಿದೆ. ಕಸುಬುಗಳನ್ನು ಮನೆಯಲ್ಲೇ ಕೂತು ಕಲಿಯುವವರಿಗಾಗಿ ಆನ್‌ಲೈನ್ ಪಾಠಗಳನ್ನು ಮಾಡುವ ಒಂದು ಸಂಸ್ಥೆ. ವಾರಕ್ಕೆ ಎರಡು ದಿನ ಆಫೀಸು, ಉಳಿದದ್ದು ಮನೆಯಿಂದ. ಪಾಠ ಹೇಳುವುದು ನನ್ನ ಕೆಲಸವಲ್ಲ, ಪಾಠವನ್ನು ಜೋಡಿಸುವುದು. ಗೊತ್ತಿರುವವರನ್ನು ಹುಡುಕಿ, ಅವರು ಮಾಡುವುದನ್ನು ಚಿತ್ರೀಕರಿಸಿ, ಸಣ್ಣ ಸಣ್ಣ ತುಂಡು ಮಾಡಿ, ಕೆಳಗೆ ಬರಹ ಹಾಕಿ, ಪರೀಕ್ಷೆ ಇಟ್ಟು, ಕಲಿಯುವವರು ಕೇಳಿದ ಪ್ರಶ್ನೆಗಳಿಗೆ ಉತ್ತರ ಬರುವಂತೆ ನೋಡಿಕೊಳ್ಳುವುದು. ಸೇರಿದ ದಿನವೇ ಒಂದು ಪಟ್ಟಿ ಕೊಟ್ಟಿದ್ದರು. ಅದರ ಮೊದಲ ಸಾಲು: ಕಲಿಯುವವರು ಕೂತ ಜಾಗದಿಂದ ನೋಡಿ. ನಾನು ಆ ಪಟ್ಟಿಯನ್ನು ಫ್ರಿಜ್ಜಿನ ಬಾಗಿಲಿಗೆ, ಪುಟ್ಟಿಯ ಚುಚ್ಚುಮದ್ದಿನ ಚೀಟಿಯ ಪಕ್ಕ ಅಂಟಿಸಿದ್ದೆ.

“ಗಂಡಸರ ಶರ್ಟು: ಮೊದಲಿನಿಂದ ಕೊನೆಯವರೆಗೆ” ಎಂಬ ಪಾಠಕ್ಕೆ ಯಾರನ್ನು ಕರೆಯೋಣ ಎಂದಾಗ ನನ್ನ ಬಾಯಿಂದ ತಟ್ಟನೆ ಬಂದದ್ದು ಕನ್ನಡಿ ಟೀಚರ ಹೆಸರು. ಅವರನ್ನು ಒಪ್ಪಿಸುವುದು ಸುಲಭವಾಗಲಿಲ್ಲ.

“ಎದುರಿಗೆ ಯಾರೂ ಇರಲ್ವಲ್ಲೇ. ಗೋಡೆಗೆ ಪಾಠ ಹೇಳ್ಲಾ?”

“ಗೋಡೆಯ ಆಚೆ ನಲವತ್ತು ಜನ ಇರ್ತಾರೆ ಟೀಚರ್.”

“ಅವರ ಕೈ ನನಗೆ ಕಾಣಲ್ವಲ್ಲ!”

“ಅದನ್ನ ನಾನು ನೋಡ್ಕೊಳ್ತೀನಿ” ಎಂದೆ.

ನಾಲ್ಕು ಮಧ್ಯಾಹ್ನ ಚಿತ್ರೀಕರಣ. ಕ್ಯಾಮೆರಾ ಎಲ್ಲಿಡಬೇಕು ಎಂದು ನಾನು ಯೋಚಿಸಿದ್ದು ಒಂದೇ ನಿಮಿಷ. ಬೇರೆಲ್ಲ ಪಾಠಗಳಲ್ಲಿ ಇಡುವ ಹಾಗೆ ಅವರ ಬೆನ್ನ ಹಿಂದೆ, ಹೆಗಲ ಮೇಲಿಂದ ಇಟ್ಟೆ. ನೋಡುವವರಿಗೆ ತಮ್ಮದೇ ಕೈ ಕೆಲಸ ಮಾಡಿದಂತೆ ಕಾಣಲಿ ಎಂದು. ಮೂವತ್ತು ವರ್ಷ ಎದುರಿಗೆ ಕೂರಿಸಿ ಕಲಿಸಿದವರ ಹಿಂದೆ ಹೋಗಿ ನಿಂತೆ. ಟೀಚರ್ ಒಂದೊಂದು ಹಂತ ಮುಗಿದಾಗಲೂ ಕೈ ನಿಲ್ಲಿಸಿ ಖಾಲಿ ಸ್ಟೂಲಿನ ಕಡೆ ನೋಡುತ್ತ ಸುಮ್ಮನೆ ಕೂರುತ್ತಿದ್ದರು.

“ಯಾಕೆ ಟೀಚರ್ ನಿಲ್ಲಿಸಿದ್ರಿ?”

“ಅವರು ಮಾಡೋದು ಬೇಡ್ವಾ? ನಾನೊಬ್ಬಳೇ ಓಡಿಬಿಟ್ರೆ?”

ಆ ಮೌನಗಳನ್ನೆಲ್ಲ ನಾನು ಆಮೇಲೆ ಕತ್ತರಿಸಿ ತೆಗೆದೆ. ಆರು ನಿಮಿಷಕ್ಕಿಂತ ಉದ್ದವಾದರೆ ಯಾರೂ ನೋಡುವುದಿಲ್ಲ ಎಂದು ಪಟ್ಟಿಯಲ್ಲಿತ್ತು. ಜೇಬಿನ ಪಾಠದಲ್ಲಿ ಟೀಚರ್ ಎದ್ದು ನಿಂತು ಎದೆಯ ಮೇಲೆ ಕೈ ಇಟ್ಟುಕೊಂಡಾಗ ಕ್ಯಾಮೆರಾದಲ್ಲಿ ಬಂದದ್ದು ಅವರ ಸೊಂಟ ಮತ್ತು ಮೇಜಿನ ಅಂಚು. ನಲವತ್ತು ಸೆಕೆಂಡು ಏನೂ ನಡೆಯುವುದಿಲ್ಲ. ಅದನ್ನೂ ತೆಗೆದೆ. ಪುಟ್ಟಿ ಮಲಗಿದ್ದಳು, ಏಳುವುದರೊಳಗೆ ಮುಗಿಸಬೇಕಿತ್ತು. ಎಷ್ಟು ಸಲೀಸಾಗಿ ತೆಗೆದೆ ಎಂದರೆ, ಪುಟ್ಟಿಯ ಉಗುರು ಕತ್ತರಿಸುವಾಗ ಅದಕ್ಕಿಂತ ಹೆಚ್ಚು ಹುಷಾರಾಗಿರುತ್ತೇನೆ.

ನಮ್ಮ ಆಫೀಸಿನ ಮುಖ್ಯಸ್ಥರು, ಸರ್ ಎಂದೇ ನಾವೆಲ್ಲ ಕರೆಯುವವರು, ಮೊದಲ ತುಂಡನ್ನು ನೋಡಿ ಹುಬ್ಬು ಗಂಟಿಕ್ಕಿದರು. “ಇವರು ಎಡಗೈಯವರಾ? ಕಲಿಯೋರು ಬಹಳಷ್ಟು ಬಲಗೈಯವರು. ಗೊಂದಲ ಆಗುತ್ತಲ್ವಾ? ಏನಾದ್ರೂ ಮಾಡಿ.”

ಏನಾದರೂ ಮಾಡಿ ಎಂದರೇ ಹೊರತು ಇಂಥದ್ದೇ ಮಾಡಿ ಎಂದು ಅವರು ಹೇಳಲಿಲ್ಲ. ಮಾಡಿದವಳು ನಾನು. ವಿಡಿಯೋವನ್ನು ಎಡಬಲ ತಿರುಗಿಸುವ ಒಂದು ಗುಂಡಿ ಇರುತ್ತದೆ. ಒತ್ತಿದೆ. ಟೀಚರ್ ಬಲಗೈಯವರಾಗಿಬಿಟ್ಟರು. ಆ ದರ್ಜಿಗೆ ಎಂಟು ತಿಂಗಳು ಲಾಡಿ ಕಟ್ಟಿ ಮಾಡಲಾಗದ್ದನ್ನು ನಾನು ಒಂದು ಬೆರಳಿನಲ್ಲಿ ಮಾಡಿ ಮುಗಿಸಿದೆ. ಅಳತೆ ಟೇಪಿನ ಅಂಕಿಗಳು ಮಾತ್ರ ಬೆನ್ನು ತಿರುಗಿಸಿ ನಿಂತವು. ಅವು ನನಗೆ ಏನೋ ಹೇಳುತ್ತಿದ್ದವು ಎಂದು ಈಗ ಅನ್ನಿಸುತ್ತದೆ. ಆಗ ನಾನು ಅವುಗಳ ಮೇಲೆ ಮಸುಕು ಎಳೆದು ಅಳತೆಯನ್ನು ಕೆಳಗೆ ಬರಹದಲ್ಲಿ ಹಾಕಿದೆ. ಟೀಚರ್ ಎಡ, ಬಲ ಎನ್ನುವವರಲ್ಲ. ಜೀವಮಾನವೆಲ್ಲ ಆ ಎರಡು ಶಬ್ದಗಳಿಂದ ಬೈಸಿಕೊಂಡವರು ಅವುಗಳನ್ನು ಬಿಟ್ಟೇಬಿಟ್ಟಿದ್ದರು. “ಕಿಟಕಿ ಕಡೆ”, “ಬಾಗಿಲ ಕಡೆ” ಎನ್ನುತ್ತಿದ್ದರು. ಕಲಿಯುವವರ ಮನೆಯಲ್ಲಿ ಆ ಕಿಟಕಿ ಎಲ್ಲಿದೆ? ಅದಕ್ಕೆ ನಾನು ತಿರುಗಿಸಿದ ಚಿತ್ರವನ್ನು ನೋಡಿಕೊಂಡು “ಬಲ ಎದೆಯ ತುಂಡಿಗೆ ಜೇಬು” ಎಂದು ದಪ್ಪ ಅಕ್ಷರದಲ್ಲಿ ಬರೆದೆ.

ಕಲಿಸುವವರಿಗೆ ತೋರಿಸಿ ಒಪ್ಪಿಗೆ ಪಡೆಯಬೇಕು ಎಂದೂ ಪಟ್ಟಿಯಲ್ಲಿತ್ತು. ಹೋಗಿದ್ದೆ. ಪುಟ್ಟಿ ಹೆಗಲ ಮೇಲೆ ಅಳುತ್ತಿದ್ದಳು. ಟೀಚರ್ ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು ಯಾರದೋ ಅಳತೆ ತೆಗೆಯುತ್ತಿದ್ದರು. ಬಾಗಿಲಲ್ಲೇ ನಿಂತು, “ವಿಡಿಯೋ ಆಯ್ತು ಟೀಚರ್, ಹಾಕಿಬಿಡ್ಲಾ?” ಎಂದೆ. “ಹೂಂ” ಎಂದರು. ಸೂಜಿ ಕಚ್ಚಿಕೊಂಡವರು ಇನ್ನೇನು ಹೇಳಲು ಸಾಧ್ಯ? ಅದನ್ನೇ ಒಪ್ಪಿಗೆ ಎಂದು ಬರೆದುಕೊಂಡೆ. ಅವರ ಹತ್ತಿರ ಇರುವುದು ಗುಂಡಿ ಒತ್ತುವ ಹಳೇ ಫೋನು, ಅದರಲ್ಲಿ ಪಾಠ ನೋಡಲು ಬರುವುದಿಲ್ಲ.

ನಲವತ್ಮೂರು ಜನ ಸೇರಿದರು. ಪ್ರಶ್ನೆಗಳಿಗೆ ಟೀಚರ ಹೆಸರಿನಲ್ಲಿ ಉತ್ತರ ಹೋಗಬೇಕು, ಬರೆಯುವುದು ನಾನು. ತಿಳಿಯದ್ದನ್ನು ಅವರನ್ನು ಕೇಳಿ ಬರೆಯಬೇಕೆಂದು ಒಪ್ಪಂದ. ಮೊದಲ ವಾರ ಹಾಗೇ ಮಾಡಿದೆ. ಮೂರನೆಯ ವಾರ ಪುಟ್ಟಿಗೆ ಜ್ವರ. ಒಂದು ಕೈಯಲ್ಲಿ ಅವಳನ್ನು ಎತ್ತಿಕೊಂಡು ಇನ್ನೊಂದು ಕೈಯಲ್ಲಿ ಫೋನು ನೋಡುತ್ತಿದ್ದಾಗ ಒಂದು ಪ್ರಶ್ನೆ ಬಂತು. ಬೇರೊಂದು ಊರಿನ ಇಸ್ತ್ರಿ ಅಂಗಡಿಯವಳು ಬರೆದಿದ್ದಳು:

“ಟೀಚರ್, ತಪ್ಪು ತಿಳ್ಕೋಬೇಡಿ. ನಾನು ದಿನಕ್ಕೆ ಎಪ್ಪತ್ತು ಎಂಬತ್ತು ಶರ್ಟು ಇಸ್ತ್ರಿ ಮಾಡ್ತೀನಿ. ಜೇಬು ಎಡಗಡೆ ಅಲ್ವಾ ಇರೋದು?”

ನಾನು ಟೀಚರ ಹೆಸರಿನಲ್ಲಿ ಬರೆದ ಉತ್ತರ ಇದು: “ವಿಡಿಯೋದಲ್ಲಿ ತೋರಿಸಿದ ಹಾಗೆಯೇ ಮಾಡಿ.”

ಅದಾದ ಮೇಲೆ ಯಾರೂ ಆ ಪ್ರಶ್ನೆ ಕೇಳಲಿಲ್ಲ. ಮೂವತ್ತು ಜನ ಶರ್ಟು ಮುಗಿಸಿ ಫೋಟೋ ಕಳಿಸಿದರು. ವಿಡಿಯೋದ ಪಕ್ಕ ಇಟ್ಟು ನೋಡಿ ಮೂವತ್ತಕ್ಕೂ ಹಸಿರು ಗುರುತು ಹಾಕಿದೆ. ಕಳಿಸದವರಿಗೆ ಕೆಂಪು. ಇಸ್ತ್ರಿ ಅಂಗಡಿಯವಳು ಕಳಿಸಲಿಲ್ಲ. ಪಾಪ, ಮುಗಿಸಲಾಗಲಿಲ್ಲವೇನೋ ಎಂದುಕೊಂಡು ಅವಳಿಗೂ ಕೆಂಪು.

ಚೆನ್ನಾಗಿ ಹೊಲಿದವರಿಗೆ ಒಂದು ಗೋದಾಮಿನ ಕೆಲಸಗಾರರ ಸಮವಸ್ತ್ರ ಹೊಲಿಯುವ ಕೆಲಸ ಸಿಗುವುದಿತ್ತು. ಮಾದರಿಗೆಂದು ಹತ್ತು ಶರ್ಟುಗಳನ್ನು ಆಫೀಸಿಗೆ ತರಿಸಿದರು. ಟೀಚರನ್ನೂ ಕರೆಸಿದರು. ಅವರು ತಂಗಿಯ ಒಳ್ಳೆಯ ಚಪ್ಪಲಿ ಹಾಕಿಕೊಂಡು ಬಂದಿದ್ದರು. ಗೋದಾಮಿನ ಮ್ಯಾನೇಜರ್ ಒಂದು ಶರ್ಟನ್ನು ತೊಟ್ಟು, “ಕಾಲರ್ ಬಹಳ ಚೆನ್ನಾಗಿದೆ” ಎಂದ. ಟೀಚರ ಮುಖ ಅರಳಿತು. ಅವನು ಏನೋ ಬರೆದುಕೊಂಡು ಅಭ್ಯಾಸಬಲದಿಂದ ಪೆನ್ನನ್ನು ಎದೆಗೆ ಸಿಕ್ಕಿಸಿಕೊಂಡ. ಪೆನ್ನು ಸೀದಾ ನೆಲಕ್ಕೆ ಬಿತ್ತು.

ಅವನು ಬಗ್ಗಿ ನೋಡಿಕೊಂಡ. ಜೇಬು ಬಲಕ್ಕಿತ್ತು. ಉಳಿದ ಒಂಬತ್ತನ್ನೂ ಮೇಜಿನ ಮೇಲೆ ಹರಡಿದರು. ಒಂಬತ್ತೂ ಹಾಗೇ.

ಪೆನ್ನು ನೆಲ ಮುಟ್ಟುವುದರೊಳಗೆ ನನಗೆ ಎಲ್ಲ ಅರ್ಥವಾಗಿತ್ತು.

ಸರ್ ಮೆಲ್ಲನೆ ಕೇಳಿದರು, “ಟೀಚರ್, ನೀವು ಎಡಗೈಯವರಲ್ವಾ. ಹೇಳಿಕೊಡುವಾಗ ಸ್ವಲ್ಪ ಅದಲುಬದಲು ಆಗಿರಬಹುದಾ?”

ಟೀಚರ್ ನನ್ನ ಕಡೆ ನೋಡಲಿಲ್ಲ. ಮಡಿಲಲ್ಲಿದ್ದ ತಮ್ಮ ಎಡಗೈಯನ್ನು ನೋಡಿದರು, ಅದರ ಮೇಲೆ ಬಲಗೈ ಮುಚ್ಚಿದರು. “ಆಗಿರಬಹುದು ಸರ್” ಎಂದರು.

ನಾನು ಬಾಯಿ ಬಿಡಲಿಲ್ಲ. ನನ್ನ ಕೆಲಸ ಇನ್ನೂ ಖಾಯಂ ಆಗಿರಲಿಲ್ಲ, ಅದು ನಿಜ. ಮನೆಯಲ್ಲಿ ಮಗು, ಅದೂ ನಿಜ. ಆದರೆ ಆ ಗಳಿಗೆಯಲ್ಲಿ ನನಗೆ ಮಗುವಿನ ನೆನಪು ಬಂದಿರಲಿಲ್ಲ. ಎಲ್ಲರ ಕಣ್ಣು ಅವರ ಮೇಲಿದೆ, ನನ್ನ ಮೇಲಿಲ್ಲ ಎಂಬ ನೆಮ್ಮದಿ ಮಾತ್ರ ಇತ್ತು. ನಾಚಿಕೆಯಾಗುವುದು ಅದಕ್ಕೆ.

ಮಾರನೆಯ ದಿನ ಸದ್ದಿಲ್ಲದೆ ವಿಡಿಯೋವನ್ನು ವಾಪಸು ತಿರುಗಿಸಿದೆ, ಬಲ ಎಂದಿದ್ದಲ್ಲಿ ಎಡ ಎಂದು ತಿದ್ದಿದೆ. ಸರಿಹೋಯಿತು ಎಂದುಕೊಂಡೆ. ಪಾಠದ ಕೆಳಗೆ ಮಾತ್ರ ಮಾತುಗಳು ಬೆಳೆಯುತ್ತಿದ್ದವು. “ಜೇಬು ಎಲ್ಲಿರುತ್ತೆ ಅಂತ ಗೊತ್ತಿಲ್ಲದವರು ಟೀಚರಾ?” “ಕೇಳಿದವರಿಗೆ ಗದರಿಸಿದ್ದು ಬೇರೆ!” ಹನ್ನೊಂದು ದಿನ ನಾನು ಆ ಬೀದಿಯ ತುದಿಗೆ ಹೋಗಲಿಲ್ಲ. ಬ್ರೆಡ್ಡನ್ನೂ ಬೇರೆ ಬೇಕರಿಯಿಂದ ತಂದೆ. ಆ ಹನ್ನೊಂದು ದಿನದ ದಿನಚರಿ ತೆರೆದರೆ ಪುಟ್ಟಿಯ ಮೇಲಿನ ಹಲ್ಲು, ಪುಟ್ಟಿಯ ಹೊಸ ನಗು, ಅಷ್ಟೇ ಇದೆ. ಯಾರೂ ಓದದ ಪುಸ್ತಕಕ್ಕೂ ನಾನು ಸುಳ್ಳು ಹೇಳಿದ್ದೆ.

ಮನೆಯಲ್ಲಿ ಅತ್ತೆ ಎರಡು ದಿನ ನೋಡಿದರು, ಹತ್ತು ದಿನ ನೋಡಿದರು. ಆಮೇಲೆ ಒಂದು ಬೆಳಿಗ್ಗೆ ಪುಟ್ಟಿಗೆ ಗಂಜಿ ತಿನ್ನಿಸುತ್ತ, “ಏನೇ ಇದು, ಮುಖ ಒಗೆದು ಹಿಂಡಿದ ಬಟ್ಟೆ ಥರ ಇದೆ? ಗಂಡನ ಜೊತೆ ಜಗಳಾನಾ?” ಎಂದರು.

“ಇಲ್ಲ ಅತ್ತೆ.”

“ಮತ್ತೆ ಆ ಟೀಚರ್ ಜೊತೆನಾ? ನಿನ್ನೆ ಬೀಗದವನು ಸಿಕ್ಕಿದ್ದ. ಕಲಿಯೋಕೆ ಬರ್ತಿದ್ದ ಮೂರು ಹುಡುಗೀರನ್ನೂ ವಾಪಸು ಕಳಿಸಿದ್ದಾರಂತೆ. ಅವನು ಕೆಣಕಿದ್ರೆ ತಿರುಗಿ ಒಂದು ಮಾತೂ ಆಡಲ್ವಂತೆ. ಪಾಪ, ಅವನಿಗೇ ಬೇಜಾರಾಗಿದೆ.”

ನಾನು ಸಿಂಕಿನ ಮುಂದೆ ನಿಂತೇ ಎಲ್ಲ ಹೇಳಿದೆ. ಅತ್ತೆ ಗಂಜಿಯ ಚಮಚ ಕೆಳಗಿಟ್ಟರು. ಬೈಯುತ್ತಾರೆ ಎಂದುಕೊಂಡೆ, ಬೈಯಲಿಲ್ಲ. “ನನ್ನ ಹತ್ರ ಹೇಳಿ ಏನು ಪ್ರಯೋಜನ? ನನ್ನ ಜೇಬೇನು ನೀನು ತಿರುಗಿಸಿಲ್ಲವಲ್ಲ” ಎಂದರು. “ಮಗೂನ ಕರ್ಕೊಂಡು ಹೋಗ್ಬೇಡ. ಮಗು ಮುಖ ನೋಡಿ ಅವರು ಬಾಯಿ ಮುಚ್ಕೊಳ್ತಾರೆ. ಒಬ್ಬಳೇ ಹೋಗಿ ಬೈಸ್ಕೊಂಡು ಬಾ.”

ಎರಡು ಮೆಟ್ಟಿಲು ಇಳಿದೆ. ಟೀಚರಿಗೆ ನಾನು ಬಂದದ್ದು ಗೊತ್ತಾಗಲಿಲ್ಲ. ಮೇಜಿನ ಮೇಲೆ ಹಳೆಯ ಬೆಡ್‌ಶೀಟಿನ ತುಂಡುಗಳು. ಅವುಗಳ ಅಂಚೆಲ್ಲ ಇಲಿ ಕಡಿದ ಹಾಗೆ. ಅವರು ಕತ್ತರಿಯನ್ನು ಬಲಗೈಯಲ್ಲಿ ಹಿಡಿದಿದ್ದರು. ಎಡಗೈಯನ್ನು ತೊಡೆಯ ಕೆಳಗೆ ಒತ್ತಿ ಕೂತಿದ್ದರು.

ಐವತ್ತೆಂಟು ವರ್ಷದ ಹೆಂಗಸು ಮತ್ತೆ ಹನ್ನೆರಡಕ್ಕೆ ಹೋಗಿ ಕೂತಿದ್ದರು. ಈ ಸಲ ಲಾಡಿ ಕಟ್ಟಿದವಳು ನಾನು.

“ಟೀಚರ್, ಅದನ್ನ ಕೆಳಗಿಡಿ.”

ತಲೆ ಎತ್ತಿದರು. “ಬಾ ಹುಡುಗಿ. ಪುಟ್ಟಿ ಎಲ್ಲಿ? ನೋಡು, ಈ ವಯಸ್ಸಲ್ಲಿ ಬಗ್ಗಲ್ಲ ಇದು. ನಿನ್ನ ಕೆಲಸಕ್ಕೂ ಕಲ್ಲು ಹಾಕಿಬಿಟ್ಟೆ ನಾನು. ಎಷ್ಟು ಯೋಚನೆ ಮಾಡಿದ್ರೂ ನೆನಪಾಗ್ತಿಲ್ಲ, ಯಾವ ಕಡೆ ಇಟ್ಟೆ ಅಂತ. ಎದೆ ಮೇಲೆ ಕೈ ಇಟ್ಕೊಂಡಿದ್ದೆ ಅಂತ ಅನ್ಸುತ್ತೆ. ಆದ್ರೂ ತಪ್ಪಿತಲ್ಲ.”

ನಾನು ಫೋನು ತೆಗೆದು ಮೇಜಿನ ಮೇಲಿಟ್ಟೆ. ಮೊದಲು ನಾನು ತಿರುಗಿಸಿದ್ದ ವಿಡಿಯೋ ತೋರಿಸಿದೆ. ಅವರು ಕನ್ನಡಕ ಏರಿಸಿಕೊಂಡು ಬಗ್ಗಿದರು.

“ಇದು ಯಾರು?”

“ನೀವೇ.”

“ನಾನಲ್ಲ. ಬಲಗೈಯಲ್ಲಿ ಹಿಡ್ಕೊಂಡಿದ್ದಾಳಲ್ಲ.”

ಆಮೇಲೆ ತಿರುಗಿಸದ್ದನ್ನು ತೋರಿಸಿದೆ. ಆಮೇಲೆ ನಾನು ಕತ್ತರಿಸಿ ಬಿಸಾಕಿದ್ದ ನಲವತ್ತು ಸೆಕೆಂಡು. ಸೊಂಟ, ಮೇಜಿನ ಅಂಚು, ಮತ್ತು ಮೌನದ ಕೊನೆಗೆ ಅವರದೇ ದನಿ: ಸಿಕ್ತಾ? ಆಮೇಲೆ ಇಸ್ತ್ರಿ ಅಂಗಡಿಯವಳ ಪ್ರಶ್ನೆ, ನನ್ನ ಉತ್ತರ. ಉತ್ತರದ ಮೇಲೆ ಅವರ ಹೆಸರಿತ್ತು. ಎರಡನ್ನೂ ಪೂರ್ತಿ ಓದಿ ಹೇಳಿದೆ.

ಟೀಚರ್ ಕನ್ನಡಕ ತೆಗೆದು ಕೊರಳಿಗೆ ಇಳಿಬಿಟ್ಟರು. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ.

“ಅವತ್ತು ಆಫೀಸಲ್ಲಿ ನಿನಗೆ ಗೊತ್ತಿತ್ತಾ?”

“ಗೊತ್ತಿತ್ತು.”

“ಹನ್ನೆರಡು ದಿನ ಆಯ್ತು. ಈ ಕೈಗೆ ನಾನು ಎಷ್ಟು ಬೈದಿದ್ದೀನಿ ಗೊತ್ತಾ? ಆ ದರ್ಜಿನೂ ಅಷ್ಟು ಬೈದಿರಲಿಲ್ಲ.”

ಅವರು ಎಡಗೈಯನ್ನು ತೊಡೆಯ ಕೆಳಗಿನಿಂದ ತೆಗೆದು ಮೇಜಿನ ಮೇಲಿಟ್ಟರು. ಬೆರಳುಗಳು ಜೋಮು ಹಿಡಿದಿದ್ದವು. ಬಿಡಿಸಿ ಮಡಿಸಿ ನೋಡಿಕೊಂಡರು. ನಾನು ಕ್ಷಮಿಸಿ ಎಂದೆ. “ಅದು ಆಮೇಲೆ” ಎಂದರು, ಕ್ಷಮೆಯನ್ನು ಒಂದು ಬದಿಗೆ ತೆಗೆದಿಡುವಂತೆ. “ಮೊದಲು ಆ ಇಸ್ತ್ರಿಯವಳಿಗೆ ಫೋನು ಮಾಡು. ಕೇಳಿದವಳು ಅವಳೊಬ್ಬಳೇ. ಇಲ್ಲೇ, ನನ್ನ ಎದುರಿಗೆ ಮಾಡು.”

ಮಾಡಿದೆ. ಸ್ಪೀಕರ್ ಹಾಕಿದೆ. ಹಬೆಯ ಸುಯ್ಯೆನ್ನುವ ಸದ್ದಿನ ನಡುವೆ ಒಂದು ದಣಿದ ದನಿ ಬಂತು. ಪಾಠ ಜೋಡಿಸಿದವಳು ನಾನು, ತಪ್ಪು ಉತ್ತರ ಬರೆದವಳೂ ನಾನು, ಟೀಚರಲ್ಲ, ನೀವು ಹೇಳಿದ್ದೇ ಸರಿ, ಎಂದೆ.

ಅತ್ತ ಕಡೆ ಸದ್ದು ನಿಂತಿತು. “ಅಯ್ಯೋ, ಬಿಡಿ ಅಕ್ಕ. ನಾನು ಎಡಗಡೆಗೇ ಹೊಲಿದೆ.”

“ಹೊಲಿದ್ರಾ? ಫೋಟೋ ಯಾಕೆ ಕಳಿಸಲಿಲ್ಲ?”

“ಹೇಗೆ ಕಳಿಸೋದು? ಎಲ್ಲರೂ ಬಲಕ್ಕೆ ಹೊಲಿದವರದ್ದು ಹಸಿರು ಆಗ್ತಾ ಇತ್ತು. ನಾನೊಬ್ಬಳು ಎಡಕ್ಕೆ ಹೊಲಿದು ಹಾಕಿದ್ರೆ ಅಷ್ಟು ಜನರ ಮುಂದೆ ಟೀಚರ್ ತಪ್ಪು ಅಂತ ತೋರಿಸಿದ ಹಾಗೆ ಆಗಲ್ವಾ? ದೊಡ್ಡವರು. ಕಾಲರ್ ಎಷ್ಟು ಚೆನ್ನಾಗಿ ಹೇಳಿಕೊಟ್ಟಿದ್ರು. ಅದಕ್ಕೇ ಸುಮ್ಮನಾದೆ. ನನಗೆ ಕೆಂಪು ಬಿತ್ತು, ಬೀಳಲಿ ಬಿಡಿ.”

ಮೂವತ್ತೊಂದು ಶರ್ಟುಗಳಲ್ಲಿ ಸರಿಯಾಗಿದ್ದದ್ದು ಒಂದೇ. ಅದಕ್ಕೇ ನಾನು ಕೆಂಪು ಹಾಕಿದ್ದೆ. ನಾನು ಯಾರ ಹೆಸರನ್ನು ಹಾಳು ಮಾಡಿದ್ದೆನೋ, ಆ ಹೆಸರನ್ನು ಕಾಪಾಡಲು ಅವರ ಮುಖವನ್ನೂ ನೇರವಾಗಿ ನೋಡದ ಒಬ್ಬಳು ತನಗೆ ಸಿಗಬಹುದಾಗಿದ್ದ ಸಮವಸ್ತ್ರದ ಕೆಲಸವನ್ನೇ ಬಿಟ್ಟುಕೊಟ್ಟಿದ್ದಳು. ತಲೆ ಎತ್ತಲಾಗಲಿಲ್ಲ. ಮೇಜಿನ ಮೇಲಿನ ಸೀಮೆಸುಣ್ಣದ ಗೆರೆಗಳನ್ನೇ ನೋಡುತ್ತ ನಿಂತೆ.

ಟೀಚರ್ ಫೋನನ್ನು ತಮ್ಮ ಕಡೆ ಎಳೆದುಕೊಂಡರು. “ನಾನೇ ಕಣಮ್ಮ ಟೀಚರ್. ನಿನಗೆ ಎದೆ ಮೇಲೆ ಕೈ ಇಟ್ಕೊ ಅಂತ ಯಾರೂ ಹೇಳಿಕೊಡಲಿಲ್ವಲ್ಲ, ಹೇಗೆ ಗೊತ್ತಾಯ್ತು?”

“ಕೈಗೆ ಗೊತ್ತು ಟೀಚರ್. ಇಸ್ತ್ರಿ ಪೆಟ್ಟಿಗೆ ಜೇಬಿನ ಹತ್ರ ತಾನೇ ನಿಧಾನ ಆಗುತ್ತೆ.”

“ಫೋಟೋ ಕಳಿಸು.”

ಗರಿಗರಿಯಾಗಿ ಇಸ್ತ್ರಿಯಾದ ಒಂದು ತಿಳಿನೀಲಿ ಶರ್ಟು ಬಂತು. ಟೀಚರ್ ಫೋನನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದರು. “ಜೇಬಿನ ಕೆಳಗಿನ ಮೂಲೆ ಸ್ವಲ್ಪ ಸೊಟ್ಟ. ಪಾಸು” ಎಂದರು. ಆ ದಿನಗಳಲ್ಲಿ ಅವರ ಬಾಯಿಂದ ಬಂದ ಮೊದಲ ಜೋರು ಮಾತು ಅದು. ಪಕ್ಕದ ಅಂಗಡಿಯಿಂದ ಬೀಗದವನು, “ಓಹೋ, ಟೀಚರಮ್ಮನ ಕೀಲಿ ಸಿಕ್ತು!” ಎಂದು ಕೂಗಿದ. ಇವರ ಮುಖದ ಗಂಟು ಒಂದಿಷ್ಟು ಸಡಿಲವಾಯಿತು.

ಅದೇ ದಿನ ಸರ್ ಹತ್ತಿರ ಹೋಗಿ ಹೇಳಿದೆ. ಅವರು ಕೂಗಾಡಲಿಲ್ಲ. “ಅವತ್ತೇ ಹೇಳಿದ್ರೆ ಅವರು ತಲೆ ತಗ್ಗಿಸಬೇಕಾಗಿರಲಿಲ್ಲ” ಎಂದರು, ಅದು ನನಗೆ ಗೊತ್ತಿದ್ದ ಮಾತೇ. ನನ್ನ ಕೆಲಸ ಖಾಯಂ ಆಗುವುದು ಆರು ತಿಂಗಳು ಮುಂದಕ್ಕೆ ಹೋಯಿತು. ಗೋದಾಮಿನವರು ಕಾಯುತ್ತೇವೆ ಎಂದರು. ಸರ್ ತಾವೇ ಟೀಚರ ಕೋಣೆಗೆ ಬಂದು ಕ್ಷಮೆ ಕೇಳಿದರು. ಒಳಗೆ ಬರುವಾಗ ತಗ್ಗು ಬಾಗಿಲಿಗೆ ತಲೆ ಬಡಿಸಿಕೊಂಡರು. “ಬಾಗಿಲೇ ವಸೂಲಿ ಮಾಡಿಕೊಂಡಿತು” ಎಂದು ಟೀಚರ್ ಆಮೇಲೆ ಅತ್ತೆಯ ಹತ್ತಿರ ಹೇಳಿದರಂತೆ.

ಪಾಠದ ಕೆಳಗೆ ನನ್ನ ಹೆಸರು ಹಾಕಿ ನಡೆದದ್ದನ್ನು ಬರೆದೆ. ಆ ಹಳೆಯ ಉತ್ತರವನ್ನು ಅಳಿಸಲೇ ಎಂದು ಟೀಚರನ್ನು ಕೇಳಿದೆ.

“ಬೇಡ. ಹೊಲಿಗೆ ಬಿಚ್ಚಿದ್ರೂ ಸೂಜಿ ತೂತು ಉಳಿಯುತ್ತೆ. ಕಾಣ್ತಾ ಇರಲಿ.”

ಮೂವತ್ತು ಜನರಿಗೂ ಜೇಬು ಬಿಚ್ಚಿ ಮತ್ತೆ ಕೂರಿಸುವುದನ್ನು ಕಲಿಸಲು ಒಂದು ಹೊಸ ಪಾಠ ಸೇರಿಸಿದೆವು. ಇಪ್ಪತ್ತಾರು ಜನ ಮಾಡಿದರು. ನಾಲ್ಕು ಜನ ಮತ್ತೆ ಬರಲೇ ಇಲ್ಲ. ಅವರಿಗೆ ಈಗಲೂ ತಿಂಗಳಿಗೊಮ್ಮೆ ಬರೆಯುತ್ತೇನೆ. ಉತ್ತರ ಬಂದಿಲ್ಲ.

ಹೊಸದಾಗಿ ಚಿತ್ರೀಕರಿಸಿದ್ದು ಕಳೆದ ವಾರ. ಕ್ಯಾಮೆರಾವನ್ನು ಈ ಸಲ ಮೇಜಿನ ಆಚೆ, ಕಲಿಯುವವರು ಕೂರುವ ಸ್ಟೂಲಿನ ಮೇಲೆ ಇಟ್ಟೆ. ಪುಟ್ಟಿ ನನ್ನ ಸೊಂಟದ ಮೇಲಿದ್ದಳು. ಟೀಚರ್ ಹಂತ ಹಂತಕ್ಕೂ ನಿಲ್ಲಿಸಿ ಕಾದರು. ನಾನೂ ಕಾದೆ. ಜೇಬಿನ ಪಾಠ ಬಂತು. ಅವರು ಎದ್ದು ನಿಂತು ಎದೆಯ ಮೇಲೆ ಕೈ ಇಟ್ಟುಕೊಂಡರು, ಈ ಸಲ ಮುಖವೂ ಕಂಡಿತು. ಆಮೇಲೆ ಕ್ಯಾಮೆರಾದ ಮೇಲಿಂದ ನನ್ನ ಕಡೆ ನೋಡಿದರು.

“ನೀನೂ ಇಡು.”

ಇಟ್ಟೆ. ಪುಟ್ಟಿಯ ತಲೆ ಅಡ್ಡ ಬಂತು, ಸರಿಸಿ ಇಟ್ಟೆ. ನಾಚಿಕೆ ಹೋಗಿರಲಿಲ್ಲ. ಎದೆ ಬೇಕಾದ್ದಕ್ಕಿಂತ ಜೋರಾಗಿ ಹೊಡೆದುಕೊಳ್ಳುತ್ತಿತ್ತು, ಹುಡುಕುವ ಕಷ್ಟವೇ ಇರಲಿಲ್ಲ.

“ಸಿಕ್ತಾ?”

“ಸಿಕ್ತು ಟೀಚರ್.”

“ಹಾಗಾದ್ರೆ ಕೂತ್ಕೊ” ಎಂದು ಅವರು ಎಡಗೈಯಲ್ಲಿ ಕತ್ತರಿ ಎತ್ತಿಕೊಂಡರು. ಆ ನಲವತ್ತು ಸೆಕೆಂಡನ್ನು, ಕೊನೆಯಲ್ಲಿ ಸಣ್ಣಗೆ ಕೇಳುವ ನನ್ನ ದನಿಯನ್ನೂ, ಹಾಗೆಯೇ ಉಳಿಸಿದ್ದೇನೆ.